ಉಬುಂಟು ಚಾಲೂ ಆಗಾಕ ಎರಡ್ ನಿಮಿಷ?

ಪ್ರಶ್ನೆ: ಧಾರವಾಡ ಸಪ್ತಾಪುರದಾಗ ರೂಮ್ ಮಾಡೀನಿ. ಹಳೇ ಲ್ಯಾಪ್‌ಟಾಪಿಗೆ ಉಬುಂಟು 22.04 (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಮ್) ಹಾಕೀನಿ. ಬಟನ್ ಒತ್ತಿ, ಕೆಳಗಿಳದು ಮಿರ್ಚಿ ಕಟ್ಟಿಸ್ಕೊಂಡ್ ಬಂದ್ರೂ ಲಾಗಿನ್ ಬಂದಿರಂಗಿಲ್ಲ. ಕರೀ ಪರದೆ ಮ್ಯಾಲೆ 1 ನಿಮಿಷ 30 ಸೆಕೆಂಡ್ ಎಣಿಸ್ತೈತಿ. ಫಾಸ್ಟ್ ಡಿಸ್ಕು, ಎಸ್‌ಎಸ್‌ಡಿನೇ ಐತಿ ಮತ್ತ!

ಉತ್ತರ 1: ಟರ್ಮಿನಲ್‌ನ್ಯಾಗ (ಕಮಾಂಡ್ ಟೈಪ್ ಮಾಡೋ ಕಿಟಕಿ) ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ (systemd-analyze blame) ಓಡಿಸು. ಯಾವ ಸರ್ವಿಸ್ (ಹಿಂದ ಓಡೋ ಪ್ರೋಗ್ರಾಮ್) ಮೈಗಳ್ಳ ಅಂತ ಗೊತ್ತಾಕ್ಕೈತಿ.

ಉತ್ತರ 2: ಬ್ಲೇಮ್‌ದಾಗ ಇದು ಸಿಗಂಗಿಲ್ಲೋ. 90 ಸೆಕೆಂಡ್ ಅಂದ್ರ ಹೆಚ್ಚಾಗಿ ಇಲ್ಲದ ಡಿಸ್ಕಿನ ದಾರಿ ಕಾಯೂದು. ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕಿನ ಭಾಗ) ಅಳಿಸೀಯೇನು? ಚಾಲೂ ಆಗೂವಾಗ ಜೋಡಿಸೋ ಡಿಸ್ಕುಗಳ ಪಟ್ಟಿ ಇರೋ ಎಫ್‌ಎಸ್‌ಟ್ಯಾಬ್ (/etc/fstab) ಫೈಲಿನ್ಯಾಗ ಅದರ ಯುಯುಐಡಿ (ಗುರುತಿನ ನಂಬರ್) ಇನ್ನೂ ಕುಂತಿರ್ತೈತಿ. ಈಗಿರೋ ಡಿಸ್ಕುಗಳ ನಂಬರ್ ತೋರಿಸೋ ‘ಬಿಎಲ್‌ಕೆಐಡಿ’ (blkid) ಕಮಾಂಡ್ ಜೋಡಿ ತಾಳೆ ನೋಡಿ, ಆ ಸಾಲಿನ ಮುಂದ ಹ್ಯಾಶ್ ಚಿಹ್ನೆ (#) ಹಾಕು, ಆ ಸಾಲು ಲೆಕ್ಕಕ್ಕ ಬರಂಗಿಲ್ಲ. ಮೊದ್ಲು ಫೈಲಿನ ಕಾಪಿ ಇಟ್ಕೋ, ರೂಟ್ ಸಾಲು (ಉಬುಂಟು ಇರೋ ಡಿಸ್ಕಿಂದು) ಮಾತ್ರ ಮುಟ್ಟಬ್ಯಾಡ.

ಪ್ರಶ್ನೆ ಕೇಳಿದವ: ಹೌದ್ರೀ, ದೀಪಾವಳಿ ಸೂಟಿಯಾಗ ಅಳಿಸಿದ್ದೆ! ಈಗ 21 ಸೆಕೆಂಡ್. ಮಿರ್ಚಿ ತರಾಕ ನೆವಾನೇ ಇಲ್ದಂಗಾತು.