ದಿನಬಳಕೆಗೆ ವಿ8 ಎಂ3 ಸೆಡಾನ್: ಓಡಿಸಿದವರು ಹೇಳಿ

ಪ್ರಶ್ನೆ, ಮ್ಯೂನಿಕ್‌ನಿಂದ

ಎಲ್ಲರಿಗೂ ನಮಸ್ಕಾರ. ಈಗಿರೋ ಡೀಸೆಲ್ ವ್ಯಾಗನ್ ಮಾರಿ ಬಿಎಂಡಬ್ಲ್ಯು ಎಂ3 ತಗೊಳ್ಳೋ ಆಸೆ. 2009ರದ್ದು, ನಾಲ್ಕು ಬಾಗಿಲಿನ ಇ90. 4 ಲೀಟರ್ ವಿ8 (ಎಂಟು ಸಿಲಿಂಡರ್) ಇಂಜಿನ್, 420 ಹಾರ್ಸ್‌ಪವರ್, ಅಷ್ಟೂ ಹಿಂದಿನ ಚಕ್ರಕ್ಕೆ. ಮನೇಲಿ ಇದೊಂದೇ ಕಾರು ಇರುತ್ತೆ. ಮಗಳು ಒಂದನೇ ಕ್ಲಾಸು, ಹೆಂಡತಿಯೂ ಓಡಿಸ್ತಾಳೆ. ಚಳಿಗಾಲದಲ್ಲಿ ನಿಭಾಯಿಸಬಹುದಾ? ದುಡ್ಡು ಎಲ್ಲಿ ಸೋರುತ್ತೆ? ಹೊಗಳೋ ವಿಡಿಯೊಗಳನ್ನ ಬೇಕಾದಷ್ಟು ನೋಡಿದ್ದೀನಿ, ದಿನಾ ಓಡಿಸಿದವರ ಮಾತು ಬೇಕು.

ಆಗ್ಸ್‌ಬರ್ಗ್‌ನಿಂದ

ಇದೇ ಕಾರು ನನ್ನ ಹತ್ರ ಸುಮಾರು ವರ್ಷ ಇತ್ತು, ಮ್ಯಾನುಯಲ್ ಗೇರ್. ನೀವು ಒಂದು ವಿಷಯ ಬರೆದಿಲ್ಲ: ಆಫೀಸು ಎಷ್ಟು ದೂರ? ಎಲ್ಲರೂ ಹಿಮ, ಹಿಂದಿನ ಚಕ್ರ ಅಂತ ಹೆದರಿಸ್ತಾರೆ. ಈ ಇಂಜಿನ್ನಿಗೆ ಹಿಮಕ್ಕಿಂತ ಕೆಟ್ಟದ್ದು ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸೋದು.

ಕಾರಣ ಹೇಳ್ತೀನಿ. ಇದಕ್ಕೆ ಹಾಕೋದು 10ಡಬ್ಲ್ಯು-60 ಆಯಿಲ್, ತಣ್ಣಗಿದ್ದಾಗ ತುಂಬಾ ಗಟ್ಟಿ. ಒಂದು ಸಲ ಬದಲಿಸಿದ್ರೆ ಸುಮಾರು 8.8 ಲೀಟರ್ ಬೇಕು. ಅಷ್ಟು ಆಯಿಲ್ ಬಿಸಿಯಾಗೋಕೆ ಹೊತ್ತು ಹಿಡಿಯುತ್ತೆ. ಆರ್‌ಪಿಎಂ ಮೀಟರಿನ ಅಂಚಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪಗಳ ಸಾಲು ಇದೆ. ಸ್ಟಾರ್ಟ್ ಮಾಡಿದಾಗ ಉರೀತವೆ, ಇಂಜಿನ್ ಬಿಸಿಯಾದ ಹಾಗೆ ಒಂದೊಂದೇ ಆರಿ ಕೆಂಪು ಗೆರೆ ಮೇಲಕ್ಕೆ ಸರಿಯುತ್ತೆ. ಡಿಸೆಂಬರ್‌ನಲ್ಲಿ ಮಗಳನ್ನ ಸ್ಕೂಲಿಗೆ ಬಿಟ್ಟು ಬರೋಷ್ಟರಲ್ಲಿ ಅದರ ಕೆಳಗಿನ ಆಯಿಲ್ ಟೆಂಪರೇಚರ್ ಮುಳ್ಳು ಜಾಗ ಬಿಟ್ಟು ಅಲ್ಲಾಡಿರಲ್ಲ. ಮನೆ ಮುಂದೆ ನಿಲ್ಲಿಸ್ಕೊಂಡು ಬಿಸಿ ಮಾಡೋಣ ಅಂದ್ರೆ ಇಲ್ಲಿ ಕಾನೂನು ಬಿಡಲ್ಲ. ಪಕ್ಕದ ಮನೆಯವರಂತೂ ಮೊದಲೇ ಬಿಡಲ್ಲ.

ಈ ಇಂಜಿನ್ನಿನ (ಎಸ್65 ಅಂತ ಹೆಸರು) ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳು (ಪಿಸ್ಟನ್ನಿನ ರಾಡು ಕ್ರ್ಯಾಂಕ್‌ಶಾಫ್ಟಿಗೆ ಸೇರೋ ಕಡೆ ಇರೋವು) ಬೇಗ ಸವೀತವೆ ಅನ್ನೋದು ಊರಿಗೆಲ್ಲ ಗೊತ್ತಿರೋ ವಿಷಯ. ತಣ್ಣಗಿರುವಾಗ್ಲೇ ಆಕ್ಸಿಲರೇಟರ್ ತುಳಿದವರ ಕಾರಂತೂ ಬೇಡವೇ ಬೇಡ. ಬೇರಿಂಗ್ ಬದಲಿಸಿದ ಬಿಲ್ ಇದ್ರೆ ಆ ಕಾರಿಗೆ ಒಂದಿಷ್ಟು ಜಾಸ್ತಿ ಕೊಟ್ರೂ ತಪ್ಪಿಲ್ಲ. ಬಿಲ್ ಇಲ್ಲ ಅಂದ್ರೆ ಬದಲಿಸೋ ಖರ್ಚನ್ನ ಬೆಲೆಯಲ್ಲೇ ಇಳಿಸಿ ಮಾತಾಡಿ, ತಂದ ಮೇಲೆ ಮೊದಲ ಕೆಲಸ ಅದೇ ಮಾಡಿಸಿ. ಹಳೇ ಆಯಿಲ್ ಸ್ಯಾಂಪಲ್ಲನ್ನ ಲ್ಯಾಬಿಗೆ ಕಳಿಸಿದ್ರೆ ಸೀಸ, ತಾಮ್ರ ಎಷ್ಟಿದೆ ಅಂತ ಬರುತ್ತೆ, ಸವೆತದ ಅಂದಾಜು ಸಿಗುತ್ತೆ. ಥ್ರಾಟಲ್ ಆಕ್ಚುಯೇಟರ್ (ಇಂಜಿನ್ನಿಗೆ ಗಾಳಿ ಬಿಡೋ ಕವಾಟ ತೆರೆಯೋ ಮೋಟರು) ಎರಡಿವೆ, ಅವೂ ಕೈಕೊಡ್ತವೆ ಅಂತ ಹೆಸರಾದವು. ಹೊಸದರಲ್ಲಿ 2,000 ಕಿಲೋಮೀಟರಿಗೆ ಮಾಡಿಸಬೇಕಿದ್ದ ಮೊದಲ ಸರ್ವಿಸ್ ಸೀಲು ಪುಸ್ತಕದಲ್ಲಿದೆಯಾ ಅಂತಲೂ ನೋಡಿ.

ಓಡಿಸೋದು ಮಾತ್ರ ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಟಾರ್ಕ್ 400 ನ್ಯೂಟನ್ ಮೀಟರ್ ಅಷ್ಟೇ, ಪೂರ್ತಿ ಪವರ್ ಬರೋದು 8,300 ಆರ್‌ಪಿಎಂನಲ್ಲಿ. 3,000ದ ಕೆಳಗೆ ಓಡಿಸಿದ್ರೆ ಸಾಮಾನ್ಯ 3 ಸೀರೀಸ್‌ನಂತೆಯೇ ಸಾಧು. ಕ್ಲಚ್ ಸ್ವಲ್ಪ ಭಾರ. ಎಂ ಬಟನ್ ಒತ್ತಿದ್ರೆ ಆಕ್ಸಿಲರೇಟರ್ ಚುರುಕಾಗೋ ಹಾಗೆ ಸೆಟ್ ಮಾಡಿಟ್ಟಿರ್ತಾರೆ, ಊರೊಳಗೆ ಅದರ ಸಹವಾಸ ಬೇಡ. ಹಿಂದಿನ ಸೀಟಲ್ಲಿ ಮಗಳು ಆರಾಮಾಗಿ ಕೂರ್ತಾಳೆ, ಡಿಕ್ಕಿಯಲ್ಲಿ ವಾರದ ಸಾಮಾನು ಹಿಡಿಯುತ್ತೆ. ಒಂದು ಜಾಗ ನೆನಪಿಡಿ: ಮಳೆಯಲ್ಲಿ ರೌಂಡ್‌ಅಬೌಟ್‌ನಿಂದ ಎರಡನೇ ಗೇರಲ್ಲಿ ಹೊರಗೆ ಬರುವಾಗ, ಸ್ಟೀರಿಂಗ್ ಇನ್ನೂ ತಿರುಗಿದ್ದಾಗ್ಲೇ ಕಾಲು ಒತ್ತಿದ್ರೆ ಹಿಂಭಾಗ ಸಣ್ಣಗೆ ಪಕ್ಕಕ್ಕೆ ಸರಿಯುತ್ತೆ. ಡಿಎಸ್‌ಸಿ (ಬಿಎಂಡಬ್ಲ್ಯುನ ಸ್ಟೆಬಿಲಿಟಿ ಕಂಟ್ರೋಲ್, ಕಾರು ಜಾರದ ಹಾಗೆ ತಡೆಯೋದು) ಆನ್ ಇದ್ರೆ ಹಿಡಿದುಕೊಳ್ಳುತ್ತೆ. ಅದನ್ನ ಆಫ್ ಮಾಡ್ಬೇಡಿ, ಅಷ್ಟೇ.

ಚಳಿಗಾಲಕ್ಕೆ 18 ಇಂಚಿನ ಬೇರೆ ಸೆಟ್ ರಿಮ್ ಇಟ್ಕೊಳ್ಳಿ. ಟಯರ್ ಮೇಲೆ ಬೆಟ್ಟ, ಹಿಮದ ಹರಳಿನ ಗುರುತು ಇರಲೇಬೇಕು. ಬರೀ ಎಂ+ಎಸ್ ಅಂತ ಇದ್ರೆ 2024ರ ಅಕ್ಟೋಬರ್‌ನಿಂದ ಜರ್ಮನಿಯಲ್ಲಿ ಚಳಿಗಾಲದ ಟಯರ್ ಅಂತ ಲೆಕ್ಕಕ್ಕಿಲ್ಲ. ಒಳ್ಳೇ ಟಯರ್ ಹಾಕಿದ್ರೆ ಹಿಮ ತೆಗೆಯೋ ಗಾಡಿ ಹೋದ ರಸ್ತೆಯಲ್ಲಿ ತೊಂದರೆ ಇಲ್ಲ. ಕಷ್ಟ ಕೊಡೋದು ನೆಲಮಾಳಿಗೆ ಪಾರ್ಕಿಂಗ್‌ನ ಇಳಿಜಾರು. ಅಲ್ಲಿ ಹಿಮ ಗಟ್ಟಿಯಾಗಿ ಕೂತಿದ್ರೆ ಈ ಕಾರು ಹತ್ತಲ್ಲ.

ಪೆಟ್ರೋಲು: ಕಂಪನಿ ಹೇಳೋದು ಮ್ಯಾನುಯಲ್ಲಿಗೆ 100 ಕಿಲೋಮೀಟರಿಗೆ 12.4 ಲೀಟರ್. ಊರೊಳಗೆ ಅದನ್ನ ಮರೆತುಬಿಡಿ. ಟ್ಯಾಂಕ್ 63 ಲೀಟರ್, ಹಾಕಬೇಕಾದ್ದು 98 ಆಕ್ಟೇನಿಂದು. ಬಂಕಿನವರು ನಿಮ್ಮ ಮುಖ ಗುರುತು ಹಿಡೀತಾರೆ.

ಇನ್ನೊಂದು, 2009ರ ಕಾರು ಅಂದ್ರಿ. ಜುಲೈ 1ರ ಮುಂಚೆ ನೋಂದಣಿ ಆದದ್ದೋ, ಆಮೇಲೋ? ಮುಂಚೆಯದಾದ್ರೆ ಟ್ಯಾಕ್ಸು 100 ಸಿಸಿಗೆ 6.75 ಯೂರೋ, ಅಂದ್ರೆ ವರ್ಷಕ್ಕೆ 270ಕ್ಕೆ ಮುಗೀತು. ಆಮೇಲಿನದಾದ್ರೆ ಸಿಸಿಗೆ ಬರೀ 80, ಆದ್ರೆ ಕಿಲೋಮೀಟರಿಗೆ ಬಿಡೋ ಇಂಗಾಲದ ಡೈಆಕ್ಸೈಡ್ 120 ಗ್ರಾಂ ದಾಟಿದ ಪ್ರತಿ ಗ್ರಾಂಗೆ 2 ಯೂರೋ. 290 ಗ್ರಾಂ ಅಂದ್ರೆ ಒಟ್ಟು 420. ಆರ್‌ಸಿಯಲ್ಲಿ ವಿ.7 ಅನ್ನೋ ಜಾಗದಲ್ಲಿ ಆ ಅಂಕಿ ಇರುತ್ತೆ.

ಸ್ಟಟ್‌ಗಾರ್ಟ್‌ನಿಂದ, ಮೂಲ ಧಾರವಾಡ

ನಂದು ಮರ್ಸಿಡಿಸ್ ಸಿ63, ಡಬ್ಲ್ಯು204. 6.2 ಲೀಟರ್, 457 ಹಾರ್ಸ್‌ಪವರ್, 600 ನ್ಯೂಟನ್ ಮೀಟರ್. ಎಂ3 ಆರ್‌ಪಿಎಂ ಮ್ಯಾಲೆ ಹೋದಾಗ ಮಾತಾಡತೈತಿ, ಇದು ಸಿಗ್ನಲ್‌ನ್ಯಾಗನಽ ಶುರು ಮಾಡತೈತಿ ನೋಡ್ರಿ. ಅಕ್ಟೋಬರ್‌ದಾಗ ರಸ್ತೆ ಮ್ಯಾಲೆ ಒದ್ದಿ ಎಲಿ ಬಿದ್ದಿರತಾವಲ್ಲ, ಅವಾಗ ಟ್ರಾಕ್ಷನ್ ದೀಪ ಮಿಣಮಿಣ ಅನ್ನೂದು ನಿಲ್ಲೂದಿಲ್ಲ. ಹಿಂದಿನ ಟಯರ್ ಮುಂದಿನವಕ್ಕಿಂತ ಭಾಳ ಲಗೂನ ಖಾಲಿ ಆಗತಾವು. ಅಳತಿ ಬ್ಯಾರೆ ಬ್ಯಾರೆ ಇರೂದ್ರಿಂದ ಮುಂದಿಂದು ಹಿಂದ ಹಾಕಾಕೂ ಬರೂದಿಲ್ಲ. ನಿಮ್ಮ ಎಂ3ದಾಗೂ ಅದಽ ಕಥಿ, ಮುಂದ 245, ಹಿಂದ 265. ಖರ್ಚು ಸೋರೂದು ಇಲ್ಲೇನ ರೀ, ಪೆಟ್ರೋಲ್ ಬಿಡ್ರಿ.

ಟ್ರಾಫಿಕ್‌ನ್ಯಾಗ ನಮ್ಮ ಆಟೊಮ್ಯಾಟಿಕ್ ಬೆಣ್ಣಿ ಇದ್ದಂಗ. ಮನಿಯವರೂ ಓಡಸ್ತಾರ ಅಂದ್ರ ನಾ ಇದನ್ನ ನೋಡ್ರಿ ಅಂತೀನಿ. ಮೊದಮೊದಲಿನ ಗಾಡಿಗೋಳ ಇಂಜಿನ್ ಹೆಡ್ ಬೋಲ್ಟ್ ಮುರೀತಾವು ಅಂತ ಪ್ರಸಿದ್ಧಿ ಐತಿ, ಬದಲ್ಸ್ಯಾರೇನು ಕೇಳ್ರಿ. ಇನ್ಶುರನ್ಸ್ ಪಾಲಿಸಿಯೊಳಗ ಮನಿಯವರ ಹೆಸರು ಹಾಕ್ಸೂದು ಮರೀಬ್ಯಾಡ್ರಿ.

ಇಂಗ್ಲೆಂಡಿನ ಕವೆಂಟ್ರಿಯಿಂದ

ಆಲ್ಫಾ ರೋಮಿಯೊ ಜೂಲಿಯಾ ಕ್ವಾಡ್ರಿಫೋಲಿಯೊ ಓಡಿಸ್ತಿದ್ದೀನಿ. 2.9 ಲೀಟರ್ ವಿ6, ಎರಡು ಟರ್ಬೊ, 510 ಹಾರ್ಸ್‌ಪವರ್. ಟಯರ್ ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ. ಇದರ ಜೊತೆ ಬರೋ ಪಿ ಝೀರೊ ಕೋರ್ಸಾ ಒಣ ರಸ್ತೆಗೆ, ಬಿಸಿಲಿಗೆ ಹೇಳಿ ಮಾಡಿಸಿದ್ದು. ಜನವರಿಯ ತೇವದಲ್ಲಿ ಅದಕ್ಕೆ ಹಿಡಿತವೇ ಇಲ್ಲ. ಪೈಲಟ್ ಸ್ಪೋರ್ಟ್ 4ಎಸ್‌ಗೆ ಬದಲಿಸಿದ ಮೇಲೆ ಮಳೆಯಲ್ಲಿ ಧೈರ್ಯವಾಗಿ ಹೋಗಿ ಬರ್ತಿದ್ದೀನಿ. ಚಳಿಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ಬಂದ್ರೆ ಮುಂದಿನ ಟಯರ್ ಕಟಕಟ ಅಂತ ಕುಪ್ಪಳಿಸುತ್ತೆ. ಏನೋ ಮುರೀತು ಅನ್ಸುತ್ತೆ, ಏನೂ ಆಗಿರಲ್ಲ. ರೇಸ್ ಮೋಡ್ ಹಾಕಿದ್ರೆ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಆಗುತ್ತೆ, ಆಫೀಸಿಗೆ ಹೋಗೋ ದಾರಿಯಲ್ಲಿ ಅದಕ್ಕೇನೂ ಕೆಲಸ ಇಲ್ಲ.

ಮೈಸೂರಿನಿಂದ

ಜರ್ಮನಿ ಬಿಟ್ಟು ಊರಿಗೆ ಬರೋ ಯೋಚನೆ ಇದ್ರೆ ಮೊದಲೇ ಹೇಳಿಬಿಡ್ತೀನಿ. ಎಡಗಡೆ ಸ್ಟೀರಿಂಗ್ ಇರೋ ಹಳೇ ಕಾರನ್ನ ಭಾರತಕ್ಕೆ ತರೋಕೆ ಬಿಡಲ್ಲ, ಮೂರು ವರ್ಷಕ್ಕಿಂತ ಹಳೇದಾದ್ರೂ ಬಿಡಲ್ಲ. ಬರುವಾಗ ಅಲ್ಲೇ ಮಾರಿ ಬರಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಆಫೀಸು 6 ಕಿಲೋಮೀಟರ್, ಸ್ಕೂಲು ದಾರಿಯಲ್ಲೇ. ಪಾರ್ಕಿಂಗ್ ನೆಲಮಾಳಿಗೆ, ಡ್ಯುಪ್ಲೆಕ್ಸ್‌ನ (ಒಂದರ ಮೇಲೊಂದು ಎರಡು ಕಾರು ನಿಲ್ಲಿಸೋ ಲಿಫ್ಟು) ಮೇಲಿನ ತಟ್ಟೆ.

ಆಗ್ಸ್‌ಬರ್ಗ್‌ನಿಂದ

ಹಾಗಾದ್ರೆ ಡೀಸೆಲ್ ವ್ಯಾಗನ್ ಮಾರಬೇಡಿ ಸರ್. ಎಂ3ಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸೀಸನ್ ನಂಬರ್ ಪ್ಲೇಟ್ ತಗೊಳ್ಳಿ. ಟ್ಯಾಕ್ಸು, ಇನ್ಶುರನ್ಸು ಆ ತಿಂಗಳುಗಳಿಗೆ ಮಾತ್ರ. ಉಳಿದ ತಿಂಗಳು ರಸ್ತೆ ಮೇಲೆ ನಿಲ್ಲಿಸೋ ಹಾಗೂ ಇಲ್ಲ, ಅದಕ್ಕೇ ಚಳಿಗಾಲಕ್ಕೆ ಎರಡನೇ ಜಾಗ ಬಾಡಿಗೆಗೆ ಸಿಗುತ್ತಾ ಮೊದಲು ವಿಚಾರಿಸಿ. ಡ್ಯುಪ್ಲೆಕ್ಸ್ ತಟ್ಟೆಯ ಅಗಲ ಟೇಪ್ ಹಿಡಿದು ಅಳೀರಿ, ರಿಮ್ ಅಂಚು ಉಜ್ಜೋದು ಅಲ್ಲೇ. ಒಂದೇ ಕಾರು ಸಾಕು ಅಂದ್ರೆ ಇನ್ನೂ ಆರು ತಿಂಗಳು ತಡೀರಿ, ಆಫೀಸ್ ಬದಲಾದ್ರೂ ಆಗಬಹುದು. ನೋಡೋಕೆ ಹೋದಾಗ ಇಂಜಿನ್ ತಣ್ಣಗಿರಲಿ ಅಂತ ಮಾರೋರಿಗೆ ಮೊದಲೇ ಹೇಳಿ, ಬಾನೆಟ್ ಮುಟ್ಟಿ ನೋಡಿ. ಬೇರಿಂಗ್ ಬಿಲ್ ಇದೆ ಅಂದ್ರೆ ಫೋಟೊ ಇಲ್ಲಿ ಹಾಕಿ, ಪಾರ್ಟ್ ನಂಬರ್ ನೋಡಿ ಹೇಳ್ತೀನಿ.