ಪದಚರ್ಚೆ: ಬಸ್ಸಿನ ಎಂಜಿನ್ ಆಯಿಲ್ ಸೋರುತ್ತದೋ, ಒಸರುತ್ತದೋ, ಹೊಡೆಯುತ್ತದೋ?

ಹುಬ್ಬಳ್ಳಿಯಿಂದ:
ಬಸ್ ವರ್ಕ್‌ಶಾಪಿನ ಗೋಡೆಗೆ ಒಂದು ಫಲಕ ಆಗಬೇಕು. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ) ಇರುವ ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಕ್ರಮ. ನಾಳೆ ಬೆಳಿಗ್ಗೆ 10ಕ್ಕೆ ಮುದ್ರಣಕ್ಕೆ ಹೋಗುತ್ತದೆ. ಮೂಲದಲ್ಲಿ ಸೀಪೇಜ್ (ಬರೀ ಹಸಿ), ಲೀಕ್, ಬ್ಲೋ-ಬೈ (ಪಿಸ್ಟನ್ ರಿಂಗ್ ದಾಟಿ ಎಂಜಿನ್ನಿನ ತಳಕ್ಕೆ ನುಗ್ಗುವ ಹೊಗೆ) ಬೇರೆಬೇರೆ ಇವೆ. ಅನುವಾದದಲ್ಲಿ ಮೂರಕ್ಕೂ ‘ತೈಲ ಸೋರಿಕೆ’. ಆಯಿಲ್ ಸೀಲ್ ‘ತೈಲ ಮುದ್ರೆ’ ಆಗಿದೆ. ತುರ್ತಾಗಿ ಹೇಳಿ.

ಮೈಸೂರಿನಿಂದ:
‘ತೈಲಸೋರಿಕೆ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ತೆಗೆಯಿರಿ. ‘ಎಣ್ಣೆಸೋರಿಕೆ’ ಸಾಕು. ಎಳ್ + ನೆಯ್ ಸೇರಿ ಆದ ಅಚ್ಚಗನ್ನಡ ಪದ ಇರುವಾಗ ಆಯಿಲ್ ಯಾಕೆ? ‘ಟರ್ಬೊ’ ಲ್ಯಾಟಿನ್ನಿನಲ್ಲಿ ಸುಳಿ, ಬುಗುರಿ. ಕನ್ನಡದಲ್ಲಿ ‘ಸುಳಿಗಾಲಿ’ ಎನ್ನಿ.

ದಾವಣಗೆರೆಯಿಂದ:
‘ಎಣ್ಣೆ’ ಹಾಕಲೇಬೇಡಿ. ‘ಗಾಡಿಗೆ ಎಣ್ಣೆ ಹಾಕಿಸು’ ಅಂದರೆ ಡೀಸೆಲ್ ಹಾಕಿಸು ಅಂತ. ಡ್ರೈವರ್ ‘ಎಣ್ಣೆ ಸೋರುತ್ತಿದೆ’ ಎಂದು ಬರೆದರೆ ಇಂಜೆಕ್ಟರ್ ಪೈಪೋ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗೋ ತಿಳಿಯುವುದಿಲ್ಲ. ಬಿಸಿ ಮ್ಯಾನಿಫೋಲ್ಡ್ ಮೇಲೆ ಡೀಸೆಲ್ ಬಿದ್ದರೆ ಬೆಂಕಿ. ಗಾಡಿ ಅಲ್ಲೇ ನಿಲ್ಲಬೇಕು. ಚೇಂಬರ್ ಪ್ಯಾಕಿಂಗ್ ಬರೀ ನೆನೆದಿದ್ದರೆ ಆಯಿಲ್ ಮಟ್ಟ ನೋಡಿಕೊಂಡು ಓಡಿಸಬಹುದು. ಆಯಿಲ್ ಅಂದರೆ ಎಂಜಿನ್ ಆಯಿಲ್, ಡೀಸೆಲ್ ಅಂದರೆ ಡೀಸೆಲ್. ಸೀಲ್ ಸೀಲೇ ಇರಲಿ. ಮುದ್ರೆ ಕಾಗದಕ್ಕೆ ಒತ್ತುವುದು.

‘ಸೋರು’ ಕೂಡ ಎಲ್ಲ ಕಡೆ ಸಲ್ಲುವುದಿಲ್ಲ. ತೂತು ಇದ್ದಲ್ಲಿ ತಾನಾಗಿ ಬರುವುದು ಸೋರುವುದು. ಟರ್ಬೊದಲ್ಲಿ ಆಗುವುದು ಬೇರೆ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗುತ್ತದೆ. ಅಲ್ಲಿ ರಬ್ಬರ್ ಸೀಲ್ ನಿಲ್ಲದು, ಪಿಸ್ಟನ್ ರಿಂಗಿನಂಥ ಸಣ್ಣ ರಿಂಗ್ ಇರುತ್ತದೆ. ಆಯಿಲನ್ನು ಒಳಗೇ ಹಿಡಿದಿಡುವುದರಲ್ಲಿ ದೊಡ್ಡ ಪಾಲು ಒಂದು ಕಡೆ ಗಾಳಿಯ, ಇನ್ನೊಂದು ಕಡೆ ಹೊಗೆಯ ಒತ್ತಡದ್ದು. ಟರ್ಬೊದಿಂದ ಚೇಂಬರಿಗೆ ಆಯಿಲ್ ಇಳಿಸುವ ಡ್ರೈನ್ ಪೈಪ್ ಕಟ್ಟಿದರೆ, ಚೇಂಬರಿನೊಳಗೆ ಒತ್ತಡ ಏರಿದರೆ, ಏರ್ ಫಿಲ್ಟರ್ ಕಟ್ಟಿ ಟರ್ಬೊದ ಗಾಳಿ ಬದಿಯ ಬಾಯಲ್ಲಿ ಸೆಳೆತ ಹೆಚ್ಚಿದರೆ, ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಟ್ಟರೆ, ಕೆಡದ ಟರ್ಬೊ ಕೂಡ ಇಂಟರ್‌ಕೂಲರ್ ಪೈಪಿಗೋ ಸೈಲೆನ್ಸರಿಗೋ ಆಯಿಲ್ ಹೊಡೆಯುತ್ತದೆ. ‘ಟರ್ಬೊ ಸೋರಿಕೆ’ ಎಂದು ಓದಿದ ಹುಡುಗ ಟರ್ಬೊ ಬದಲಿಸುತ್ತಾನೆ, ಹೊಸದೂ ಹಾಗೇ ಹೊಡೆಯುತ್ತದೆ. ‘ಆಯಿಲ್ ಹೊಡೆಯುವುದು’ ಎಂದೇ ಬರೆಯಿರಿ, ಕಾರಣ ಹಿಂದೆ ಹುಡುಕಬೇಕು ಎಂಬುದು ಆ ಮಾತಿನಲ್ಲೇ ಇದೆ.

ಡ್ರೈನ್ ಪೈಪಿಗೆ ಒಂದು ಸಾಲು ಮೀಸಲಿಡಿ. ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು, ಒತ್ತಡ ಅಲ್ಲಿಲ್ಲ. ಪೈಪ್ ನೆಟ್ಟಗಿನಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು, ನಡುವೆ ತಗ್ಗು ಇರಬಾರದು, ಚೇಂಬರಿಗೆ ಸೇರುವ ಬಾಯಿ ಆಯಿಲ್ ಮಟ್ಟದ ಮೇಲಿರಬೇಕು. ಪ್ಯಾಕಿಂಗ್ ಜತೆ ಸಿಲಿಕೋನ್ ಪೇಸ್ಟ್ ಬಳಿದರೆ ಅದು ಒಳಗೆ ಉಬ್ಬಿ ಅರ್ಧ ಬಾಯಿ ಮುಚ್ಚುತ್ತದೆ.

ಬ್ಲೋ-ಬೈಗೆ ‘ಬ್ಯಾಕ್ ಕಂಪ್ರೆಷನ್’ ಎಂಬ ಮಾತು ಮೆಕ್ಯಾನಿಕ್‌ಗಳ ಬಾಯಲ್ಲಿ ಗಟ್ಟಿಯಾಗಿದೆ. ಅದನ್ನು ‘ಹಿಮ್ಮೊತ್ತಡ’ ಮಾಡಬೇಡಿ. ಹಿಮ್ಮೊತ್ತಡ ಸೈಲೆನ್ಸರ್ ಕಟ್ಟಿದಾಗಿನದು, ರೋಗವೇ ಬೇರೆ.

ಮಂಗಳೂರಿನಿಂದ:
ಸೀಪೇಜ್‌ಗೆ ‘ಒಸರು’. ಮಳೆಗಾಲದಲ್ಲಿ ಗೋಡೆ ಒಸರುತ್ತದೆ: ಕೈಗೆ ಹಸಿ ಅಂಟುತ್ತದೆ, ನೀರು ಹರಿಯುವುದಿಲ್ಲ. ಟ್ಯಾಪೆಟ್ ಕವರಿನ ಅಂಚಿನಲ್ಲಿ ಕಪ್ಪು ಧೂಳು ಮೆತ್ತಿಕೊಂಡ ಪಟ್ಟಿ ಕಾಣುತ್ತದಲ್ಲ, ಅದೇ. ಅಮೆರಿಕದ ಸೇನೆಯ ವಾಹನ ಕೈಪಿಡಿಗಳಲ್ಲಿ ಮೂರು ದರ್ಜೆ ಇವೆ: ಹಸಿ ಇದೆ, ಹನಿ ಇಲ್ಲ; ಹನಿ ಕಟ್ಟಿದೆ, ಬೀಳುತ್ತಿಲ್ಲ; ಹನಿ ಬೀಳುತ್ತಿದೆ. ಒಸರು, ಹನಿಗಟ್ಟು, ತೊಟ್ಟಿಕ್ಕು. ಮೂರೂ ನಮ್ಮಲ್ಲಿವೆ.

ಮೈಸೂರಿನಿಂದ:
‘ಒಸರು’ ಒಪ್ಪಿದೆ. ‘ಹೊಡೆಯುವುದು’ ಗ್ರಾಮ್ಯ, ಫಲಕಕ್ಕೆ ಸಲ್ಲದು. ಹಾವು ವಿಷ ಕಾರುತ್ತದೆ, ಎಂಜಿನ್ ಎಣ್ಣೆ ಕಾರಲಿ. ಇಂಗ್ಲಿಷ್ ಪದ ಒಂದೊಂದಾಗಿ ಒಳಗೆ ಬಿಟ್ಟೇ ಕನ್ನಡದ ಧಾತುಗಳು ಸತ್ತವು.

ದಾವಣಗೆರೆಯಿಂದ:
ಬಸ್ ವರ್ಕ್‌ಶಾಪಿನಲ್ಲಿ ‘ಕಾರು’ ಎಂದರೆ ಮೊದಲು ಓದುವುದು ನಾಲ್ಕು ಚಕ್ರದ ಗಾಡಿ. ಬೇಡ. ‘ಹೊಡೆ’ ಯಾವ ಧಾತು ಸ್ವಾಮಿ? ಕನ್ನಡದ್ದೇ.

ಬೆಂಗಳೂರಿನಿಂದ:
ಎಣ್ಣೆ ಎಳ್ಳಿನಿಂದ, ತೈಲ ತಿಲದಿಂದ, ಆಯಿಲ್ ಆಲಿವ್‌ನಿಂದ. ಮೂಲ ಹಿಡಿದು ಹೋದರೆ ಮೂರರಲ್ಲಿ ಒಂದೂ ಎಂಜಿನ್ನಿನೊಳಗೆ ಇಳಿಯುವುದಿಲ್ಲ. ಹೊರಗಿನ ಪದ ಕನ್ನಡಕ್ಕೆ ಬರುವ ಬಗೆಗೆ ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಅಪಭ್ರಂಶ ಪ್ರಕರಣ ಬರೆದ. ಬಂದ ಪದ ‘ಆಯಿಲ್ಲಿನ, ಆಯಿಲ್ಲಿಗೆ’ ಎಂದು ನಮ್ಮ ವಿಭಕ್ತಿ ಹೊತ್ತಿದೆಯೋ ಎಂಬುದೇ ಪರೀಕ್ಷೆ. ಹೊತ್ತಿದೆ. ಅರಿಸಮಾಸದ ಮಾತಿಗೆ: ಬಿಡಿಸಿ, ಕ್ರಿಯಾಪದ ಮಾಡಿ ಬರೆದರೆ ಸಮಾಸವೇ ಇಲ್ಲ, ದೋಷವೂ ಇಲ್ಲ.

ಮೈಸೂರಿನಿಂದ:
ವಿಭಕ್ತಿ ಹಚ್ಚಿದ್ದೆಲ್ಲ ಕನ್ನಡವಾದರೆ ನಿಘಂಟು ಮುಚ್ಚಿಬಿಡಿ.

ಹುಬ್ಬಳ್ಳಿಯಿಂದ:
ಸಮಯ ಮೀರುತ್ತಿದೆ. ಹೀಗೆ ಕಳಿಸುತ್ತಿದ್ದೇನೆ:

ಮೊದಲು ಎಂಜಿನ್ ತೊಳೆದು ಗಾಳಿ ಹೊಡೆದು ಒಣಗಿಸಿ. ಅನುಮಾನ ಇದ್ದಲ್ಲಿ ಬಿಳಿ ಪುಡಿ ಉದುರಿಸಿ. 10ರಿಂದ 15 ನಿಮಿಷ ಐಡ್ಲಿಂಗ್, ಆಮೇಲೆ ಲೋಡಿನಲ್ಲಿ ಒಂದು ಸುತ್ತು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹರಡುತ್ತದೆ. ನೆಲದ ಕಲೆ ನೋಡಿ ತೀರ್ಮಾನಿಸಬೇಡಿ, ಎಲ್ಲಕ್ಕಿಂತ ಮೇಲೆ ಹಸಿಯಾದ ಜಾಗ ಹುಡುಕಿ. ಒಸರಿದ್ದರೆ ಬರೆದಿಡಿ, ಹನಿಗಟ್ಟಿದ್ದರೆ ಬೋಲ್ಟ್ ಹದ ನೋಡಿ, ತೊಟ್ಟಿಕ್ಕಿದರೆ ಗಾಡಿ ಬಿಡಬೇಡಿ. ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಕೆಳಗಿನಿಂದ ಬಂದರೆ ಮೂಸಿ ನೋಡಿ: ಗಂಧಕದ ವಾಸನೆ ಇದ್ದರೆ ಗೇರ್ ಆಯಿಲ್, ಇಲ್ಲದಿದ್ದರೆ ಹಿಂದಿನ ಕ್ರ್ಯಾಂಕ್ ಸೀಲ್. ಸೀಲ್ ಬದಲಿಸುವ ಮೊದಲು, ಟರ್ಬೊ ಬಿಚ್ಚುವ ಮೊದಲು, ಚೇಂಬರಿನ ಒತ್ತಡ ಹೊರಬಿಡುವ ಬ್ರೀದರ್ ಪೈಪ್ ಸ್ವಚ್ಛವಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ, ಬ್ಯಾಕ್ ಕಂಪ್ರೆಷನ್ ಇದೆಯೇ, ಡ್ರೈನ್ ಪೈಪ್ ಬಾಯಿ ತೆರೆದಿದೆಯೇ ನೋಡಿ.

ದಾವಣಗೆರೆಯಿಂದ:
ಬ್ರೇಕಿನ ಏರ್ ಟ್ಯಾಂಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರ್ ಬಿಟ್ಟಿದ್ದೀರಿ. ಅದರ ರಿಂಗ್ ಸವೆದರೆ ಆ ಗಾಳಿಯೂ ಚೇಂಬರಿಗೇ ಇಳಿಯುತ್ತದೆ, ಎಂಜಿನ್ ರಿಂಗಿನ ಮೇಲೆ ತಪ್ಪು ಅನುಮಾನ ಬರುತ್ತದೆ. ‘ಏರ್ ಟ್ಯಾಂಕಿನ ಡ್ರೈನ್ ತೆರೆದಾಗ ಆಯಿಲ್ ಬಂದರೆ ಮೊದಲು ಕಂಪ್ರೆಸರ್ ನೋಡಿ’ ಎಂದು ಸೇರಿಸಿ.

ಹುಬ್ಬಳ್ಳಿಯಿಂದ:
ಸೇರಿಸಿದೆ. ಕಳಿಸಿದೆ.