ಕ್ವಿಯರ್ ಫೋಟೋ ಪ್ರದರ್ಶನ, ಜೊತೆಗೊಂದು ನಾಟಕ: ತಯಾರಿ ಹೇಗೆ?

ಪ್ರಶ್ನೆ: ನಗರದಲ್ಲಿ ಸಣ್ಣದೊಂದು ಹಾಲ್ ಸಿಕ್ಕಿದೆ. ಮೂರು ದಿನ ಕ್ವಿಯರ್ (ಸಲಿಂಗಿ, ಟ್ರಾನ್ಸ್‌ಜೆಂಡರ್ ಮುಂತಾದ) ಸಮುದಾಯದವರ ಭಾವಚಿತ್ರ ಪ್ರದರ್ಶನ, ಸಂಜೆ 40 ನಿಮಿಷದ ನಾಟಕ. ಅದರಲ್ಲೊಂದು ಡ್ರ್ಯಾಗ್ ಪಾತ್ರವೂ (ಢಾಳಾದ ವೇಷ, ಮೇಕಪ್ಪಿನಲ್ಲಿ ಹೆಣ್ಣಾಗಿಯೋ ಗಂಡಾಗಿಯೋ ನಟಿಸುವುದು) ಇದೆ. ಫೋಟೋದಲ್ಲಿರುವ ಕೆಲವರು ತಾವು ಕ್ವಿಯರ್ ಎಂದು ಮನೆಯಲ್ಲಿ ಇನ್ನೂ ಹೇಳಿಕೊಂಡಿಲ್ಲ. ಏನೇನು ನೋಡಿಕೊಳ್ಳಬೇಕು?

ಉತ್ತರ 1: ಮೊದಲು ಒಪ್ಪಿಗೆ ಪತ್ರ, ಆಮೇಲೆ ಮೊಳೆ. ಎಲ್ಲವನ್ನೂ ಒಂದೇ ಸಹಿಯಲ್ಲಿ ಮುಗಿಸಬೇಡಿ. ಗೋಡೆಗೆ, ಪೋಸ್ಟರಿಗೆ, ಪತ್ರಿಕೆಗೆ, ಇನ್‌ಸ್ಟಾಗ್ರಾಂಗೆ ಬೇರೆ ಬೇರೆ ಸಹಿ ಇರಲಿ. ಗೋಡೆಗೆ ಹೂಂ ಅಂದವರು ಪೋಸ್ಟರಿಗೆ ಬೇಡ ಅನ್ನಬಹುದು. ಮುಖ ಮರೆಮಾಡಿದರೆ ಸಾಕು ಅಂದುಕೊಳ್ಳುವುದೇ ದೊಡ್ಡ ತಪ್ಪು. ಕೈಮೇಲಿನ ಹಚ್ಚೆ, ಐಡಿ ಕಾರ್ಡಿನ ದಾರದ ಬಣ್ಣ, ಕಿಟಕಿಯಾಚೆ ಕಾಣುವ ನೀರಿನ ಟ್ಯಾಂಕು, ಇಷ್ಟು ಸಾಕು ಪರಿಚಯದವರು ಗುರುತು ಹಿಡಿಯಲು. ಆದ್ದರಿಂದ ಕೊನೆಯ ಪ್ರಿಂಟನ್ನು ಪೂರ್ತಿ ಅಳತೆಯಲ್ಲೇ ಅವರಿಗೆ ತೋರಿಸಿ. ಫೋನಿನಲ್ಲಿ ಕಣ್ಣಿಗೆ ಬೀಳದ್ದು 24 ಇಂಚಿನಲ್ಲಿ ಎದ್ದು ಕಾಣುತ್ತದೆ. ಆನ್‌ಲೈನ್ ಹಾಕುವ ಫೈಲಿನಿಂದ ಲೊಕೇಶನ್ ಅಳಿಸಿ.

ಉದ್ಘಾಟನೆಯ ಬೆಳಿಗ್ಗೆಯೂ ಯಾರಾದರೂ 'ನನ್ನದು ತೆಗೆದುಬಿಡಿ' ಅನ್ನಬಹುದು. ಕಾರಣ ಕೇಳದೆ ತೆಗೆಯಬೇಕು. ಅದಕ್ಕೆಂದೇ ಅದೇ ಅಳತೆಯ ಎರಡು ಫ್ರೇಮು ಸಿದ್ಧವಿರಲಿ, ಒಳಗೆ ಬರಹವೋ ವಸ್ತುವಿನ ಚಿತ್ರವೋ ಸಾಕು. ಬರೀ ಮೊಳೆ ಉಳಿದರೆ, ಇಲ್ಲಿ ಯಾರಿದ್ದರು ಎಂಬ ಪ್ರಶ್ನೆ ಶುರುವಾಗುತ್ತದೆ.

ಉತ್ತರ 2: ನೇತುಹಾಕುವ ಲೆಕ್ಕ. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಲಿ. 24 ಇಂಚು ಎತ್ತರದ ಫ್ರೇಮು, ತಂತಿ ಎಳೆದಾಗ ಮೇಲಂಚಿನಿಂದ 3 ಇಂಚು ಕೆಳಗೆ ನಿಂತರೆ: 57 + 12 − 3, ಅಂದರೆ ಹುಕ್ಕು 66 ಇಂಚಿಗೆ. ತಂತಿ ಎಳೆಯದೆ ಅಳೆದರೆ ಪ್ರತಿ ಚಿತ್ರವೂ ಒಂದೊಂದು ಎತ್ತರಕ್ಕೆ ಹೋಗುತ್ತದೆ. ಫ್ರೇಮಿಗೆ ಎರಡು ಹುಕ್ಕು ಹಾಕಿ, ವಾಲುವುದಿಲ್ಲ. ದೀಪ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬಿದ್ದರೆ ಗಾಜು ಹೊಳೆಯುವುದು ಕಡಿಮೆ. ಚಿತ್ರದ ಪಕ್ಕದ ಚೀಟಿಯಲ್ಲಿ ಫೋಟೋದಲ್ಲಿರುವವರು ಬರೆಸಿದ ಹೆಸರೇ ಇರಲಿ. ಬ್ಯಾಂಕ್ ಖಾತೆಯ ಹೆಸರು ಲೆಕ್ಕದ ಫೈಲು ಬಿಟ್ಟು ಆಚೆ ಬರಬಾರದು.

ಉತ್ತರ 3: ಡ್ರ್ಯಾಗ್ ಮೇಕಪ್ಪಿನಲ್ಲಿ ನಟರ ಸ್ವಂತ ಹುಬ್ಬನ್ನು ಕಾಣದಂತೆ ಮುಚ್ಚಬೇಕು, ಕೈಕೊಡುವುದು ಅದೇ. ಮೊದಲು ಎಣ್ಣೆಯ ಪಸೆ ಪೂರ್ತಿ ಒರೆಸಿ. ತೊಳೆದರೆ ಹೋಗುವ ಗ್ಲೂ ಸ್ಟಿಕ್ಕನ್ನು ಕೂದಲ ಸಂದಿಗೂ ಇಳಿಯುವಂತೆ ಹಚ್ಚಿ, ಸಣ್ಣ ಬಾಚಣಿಗೆಯಿಂದ ಮೇಲ್ಮುಖವಾಗಿ ಒತ್ತಿ ಕೂರಿಸಿ. ಒಣಗಿದ ಮೇಲೆ ಮತ್ತೊಂದು ಪದರ. ಹೀಗೆ ಮೂರು ಸಲ, ಆಮೇಲೆ ಪೌಡರ್, ಕೊನೆಗೆ ಫೌಂಡೇಶನ್. ಹಸಿ ಗೋಂದಿನ ಮೇಲೆ ಬಣ್ಣ ಹಚ್ಚಿದರೆ ದೀಪದ ಬಿಸಿಗೆ, ಬೆವರಿಗೆ ಹತ್ತೇ ನಿಮಿಷದಲ್ಲಿ ಕೂದಲು ಎದ್ದು ನಿಲ್ಲುತ್ತದೆ. ಹುಬ್ಬಿಗೇ ಅರ್ಧ ಗಂಟೆ ಇಟ್ಟುಕೊಳ್ಳಿ.

ಎದೆಗೆ ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲು ಹಾಕುವ ಬಿಗಿ ಒಳಉಡುಪು) ಹಾಕುವ ನಟರಿದ್ದರೆ ತಾಲೀಮು, ಪ್ರದರ್ಶನ ಎರಡೂ ಸೇರಿ ದಿನಕ್ಕೆ 8 ಗಂಟೆ ಮೀರದಂತೆ ನೋಡಿಕೊಳ್ಳಿ. ಉಸಿರು ಬಿಗಿಯುತ್ತದೆ, ಓಡುವ ಕುಣಿಯುವ ದೃಶ್ಯಕ್ಕೆ ಅದು ಬೇಡವೇ ಬೇಡ.

ಉತ್ತರ 4: ಮುಟ್ಟುವ, ಅಪ್ಪಿಕೊಳ್ಳುವ ದೃಶ್ಯಗಳನ್ನು ಕುಣಿತದ ಹೆಜ್ಜೆಯಂತೆ ಎಣಿಸಿ ಕೂರಿಸಿ: ಕೈ ಎಲ್ಲಿ, ಎಷ್ಟು ಎಣಿಕೆ, ಮೊದಲು ಬಿಡುವವರು ಯಾರು. ರಂಗದ ಮೇಲೆ ಯಾರೂ ಹೊಸದು ಸೇರಿಸಕೂಡದು. ಬಾಗಿಲಲ್ಲೇ ಪ್ರೇಕ್ಷಕರ ಫೋನಿನ ಕ್ಯಾಮೆರಾಗಳಿಗೆ ಸ್ಟಿಕರ್ ಅಂಟಿಸಿ, ಮುಂದಿನದಕ್ಕೂ ಹಿಂದಿನದಕ್ಕೂ. ಬರೀ 'ಫೋಟೋ ತೆಗೆಯಬೇಡಿ' ಅಂದರೆ ಕೊನೆಯ ಚಪ್ಪಾಳೆಯ ಹೊತ್ತಿಗೆ ಮರೆತಿರುತ್ತಾರೆ, ಆಗಲೇ ಎಲ್ಲ ನಟರೂ ಪೂರ್ತಿ ಬೆಳಕಿನಲ್ಲಿ ಸಾಲಾಗಿ ನಿಂತಿರುತ್ತಾರೆ.